ಎರಡು ಕಡಲು ದಾಟಿ ಮಗಳ ಊರಿಗೆ

ಜರ್ಮನಿಯ ಹ್ಯಾಂಬರ್ಗ್‌ನಿಂದ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ಗೆ ರಸ್ತೆಯಲ್ಲಿ ಹೋದರೆ ಹತ್ತಿರ ಹತ್ತಿರ 1,000 ಕಿಲೋಮೀಟರ್. ನಡುವೆ ಎರಡು ಜಲಸಂಧಿ ಅಡ್ಡ ಬರುತ್ತವೆ. ದೇಶ ಮೂರು, ದುಡ್ಡೂ ಮೂರು ತರ. ಒಬ್ಬನೇ ಹೊರಟವನು ಬೇಸಿಗೆಯ ಒಂದು ಹಗಲಿನಲ್ಲಿ ಮುಗಿಸಬಹುದಾದ ದಾರಿ ಇದು. ಅಪ್ಪ, ಅಮ್ಮ, ತಮ್ಮ, ಅಜ್ಜಿ ಎಂದು ಮನೆಮಂದಿಯೆಲ್ಲ ಕಾರು ಹತ್ತಿದರೆ ಎರಡು ದಿನ ಬೇಕು, ಮೂರಾದರೂ ಆಶ್ಚರ್ಯವಿಲ್ಲ. ಜುಲೈನಲ್ಲಿ ಉತ್ತರಕ್ಕೆ ಸಾಗುವ ಕಾರುಗಳ ಸಾಲಿನಲ್ಲಿ ಬರೀ ಪ್ರವಾಸಿಗಳಿರುವುದಿಲ್ಲ. ಓದಲು ಹೋಗಿ ಅಲ್ಲೇ ಕೆಲಸ ಹಿಡಿದ, ಅಲ್ಲಿಯವನನ್ನೇ ಮದುವೆಯಾದ, ಕಂಪನಿ ಕಳಿಸಿತೆಂದು ಹೋಗಿ ಮರಳದೆ ಉಳಿದ ಮಗಳನ್ನು ನೋಡಲು ಹೊರಟ ಕುಟುಂಬಗಳೂ ಇರುತ್ತವೆ. ಜರ್ಮನರು, ಡಚ್ಚರು, ಪೋಲೆಂಡಿನವರು ಹೆಚ್ಚು. ನಡುವೆ ಅಲ್ಲೊಂದು ಇಲ್ಲೊಂದು ಕನ್ನಡದ ಕಾರೂ ಸಿಗಬಹುದು: ಮಗ ಜರ್ಮನಿಯಲ್ಲಿ, ಮಗಳು ಸ್ವೀಡನ್ನಿನಲ್ಲಿ, ಒಂದೇ ವೀಸಾದಲ್ಲಿ ಇಬ್ಬರ ಮನೆಯನ್ನೂ ನೋಡಿಬರಲು ಬಂದ ತಂದೆ-ತಾಯಿ.

ವಿಮಾನದಲ್ಲಿ ಹೋದವರು ನೇರ ಮಗಳ ಮನೆಗೇ ಇಳಿಯುತ್ತಾರೆ. ಅವಳು ಬದುಕುತ್ತಿರುವ ದೇಶ ಅವರಿಗೆ ಕಿಟಕಿಯಾಚೆ ಇರುವ ಯಾವುದೋ ಊರು. ರಸ್ತೆಯಲ್ಲಿ ಹೋದವರಿಗೆ ದೇಶ ಮೊದಲು, ಮನೆ ಆಮೇಲೆ. ಅವಳು ಫೋನಿನಲ್ಲಿ ಹೇಳುತ್ತಿದ್ದ ಅರ್ಧದಷ್ಟು ಸಂಗತಿಗಳು ಬಾಗಿಲು ತಟ್ಟುವ ಮೊದಲೇ ದಾರಿಯಲ್ಲಿ ಅರ್ಥವಾಗಿರುತ್ತವೆ.

ಸ್ಕ್ಯಾಂಡಿನೇವಿಯಾ ಎಂದರೆ ಕಟ್ಟುನಿಟ್ಟಾಗಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಈ ಮೂರೇ. ಫಿನ್ಲೆಂಡ್ ಮತ್ತು ಐಸ್‌ಲೆಂಡ್ ಸೇರಿದಾಗ ಅದು ನಾರ್ಡಿಕ್ ನಾಡು. ಐದೂ 2001ರ ಮಾರ್ಚ್ 25ರಿಂದ ಷೆಂಗೆನ್ ವ್ಯವಸ್ಥೆಯೊಳಗಿವೆ, ಐರೋಪ್ಯ ಒಕ್ಕೂಟಕ್ಕೆ ಸೇರದ ನಾರ್ವೆ, ಐಸ್‌ಲೆಂಡ್ ಕೂಡ.

ಜರ್ಮನಿಯ ತಂದೆ-ತಾಯಿಗೆ ಈ ಪ್ರಯಾಣ ರಜೆ ಹಾಕಿದರೆ ಆಯಿತು. ಭಾರತದಿಂದ ಬರುವವರ ದಾರಿ ಕಾಗದಪತ್ರದಿಂದ ಶುರು. ಮಗಳು ಆಹ್ವಾನದ ನಮೂನೆ ತುಂಬಿ ಕಳಿಸಬೇಕು. ತಾನು ಅಲ್ಲಿಯ ನಿವಾಸಿ ಎಂಬ ಸರ್ಕಾರಿ ದಾಖಲೆಯನ್ನೂ ಜೊತೆಗಿಡಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಯಾವ ದೇಶದ ವೀಸಾ ಕೇಳಬೇಕು ಎಂಬುದರಲ್ಲಿ ಹಲವರು ಎಡವುತ್ತಾರೆ: ಮೊದಲು ಇಳಿಯುವ ದೇಶದ್ದಲ್ಲ, ಹೆಚ್ಚು ದಿನ ಉಳಿಯುವ ದೇಶದ್ದು. ಮಗನ ಮನೆಯಲ್ಲಿ ಎರಡು ವಾರ, ಮಗಳ ಮನೆಯಲ್ಲಿ ಎರಡು ತಿಂಗಳು ಎಂದರೆ ಅರ್ಜಿ ಸ್ವೀಡನ್ನಿಗೇ ಹೋಗಬೇಕು. ಎರಡೂ ಕಡೆ ಸಮವಾದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ. ಯಾವುದೇ 180 ದಿನಗಳಲ್ಲಿ 90 ದಿನ ಎಂಬುದು ಮಿತಿ, ಅದೂ ಎಲ್ಲ ಷೆಂಗೆನ್ ದೇಶಗಳಿಗೆ ಸೇರಿ. ಮಗನ ಮನೆಯಲ್ಲಿ ಕಳೆದ ದಿನಗಳು ಮಗಳ ಮನೆಯ ಲೆಕ್ಕದಿಂದ ಕಳೆದುಹೋಗುತ್ತವೆ.

ಪೆಟ್ಟಿಗೆಯೊಳಗಿನ ಲೆಕ್ಕ ಬೇರೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ ಪದಾರ್ಥ ತರುವಂತಿಲ್ಲ. ಹಾಗಾಗಿ ಮನೆಯಲ್ಲಿ ಕಾಸಿದ ತುಪ್ಪಕ್ಕೆ ಪ್ರವೇಶವಿಲ್ಲ. 2019ರ ಡಿಸೆಂಬರ್ ನಂತರ ಹಸಿ ಸೊಪ್ಪು, ಹಣ್ಣುಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕರಿಬೇವಿನ ಕಟ್ಟು, ವೀಳ್ಯದೆಲೆ ಇದರಲ್ಲಿ ಸಿಕ್ಕಿಬೀಳುತ್ತವೆ. ವಿನಾಯಿತಿ ಇರುವುದು ಐದಕ್ಕೆ ಮಾತ್ರ: ಅನಾನಸು, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡೂರಿಯನ್. ಮಗಳಿಗೆ ಮಡಿಲು ತುಂಬಲು ಹೊರಟ ತಾಯಿಯ ಪಟ್ಟಿಯಲ್ಲಿ ಕಾಯಿ ಮತ್ತು ಬಾಳೆಹಣ್ಣು ಉಳಿದುಕೊಂಡಿವೆ ಎಂಬುದು ಬ್ರಸೆಲ್ಸ್‌ನ ಅಧಿಕಾರಿಗಳಿಗೆ ಗೊತ್ತಿರಲಾರದು.

ಕಾರು ಮಗನದಾದರೆ ಚಿಂತೆಯಿಲ್ಲ. ಬಾಡಿಗೆಯದಾದರೆ ಗಡಿ ದಾಟಲು, ಹಡಗಿಗೆ ಏರಿಸಲು ಅನುಮತಿ ಇದೆಯೇ ಎಂದು ಕರಾರುಪತ್ರದಲ್ಲಿ ನೋಡಿಕೊಳ್ಳಬೇಕು. ಒಂದು ದೇಶದಲ್ಲಿ ಪಡೆದು ಇನ್ನೊಂದರಲ್ಲಿ ಬಿಟ್ಟರೆ ದುಬಾರಿ. ಭಾರತದ ಲೈಸೆನ್ಸ್ ಇರುವವರು ಆರ್‌ಟಿಒದಲ್ಲಿ ಒಂದು ವರ್ಷದ ಅವಧಿಗೆ ಸಿಗುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡರೆ ಬಾಡಿಗೆಯವರ ಕೌಂಟರಿನಲ್ಲಿ ವಾದ ಮಾಡುವುದು ತಪ್ಪುತ್ತದೆ. ಲೈಸೆನ್ಸಿಗಿಂತ ಹೆಚ್ಚು ಕಾಡುವುದು ಬಲಬದಿಯ ಓಡಾಟ. ಎಡಬದಿಗೆ ಒಗ್ಗಿದ ಕೈ ಗೇರು ಹುಡುಕಿ ಬಾಗಿಲನ್ನು ತಡಕುತ್ತದೆ. ತಿರುವಿನಲ್ಲಿ ಕಣ್ಣು ತಪ್ಪು ಕಡೆ ನೋಡುತ್ತದೆ.

ಈ ತೊಂದರೆಯನ್ನು ಒಂದು ದೇಶಕ್ಕೆ ದೇಶವೇ ಒಟ್ಟಿಗೆ ಅನುಭವಿಸಿದ್ದುಂಟು. 1967ರವರೆಗೆ ಸ್ವೀಡನ್ ಕೂಡ ಎಡಬದಿಯಲ್ಲೇ ಓಡುತ್ತಿತ್ತು. ನೆರೆಯ ನಾರ್ವೆ, ಫಿನ್ಲೆಂಡ್ ಬಲಬದಿಯವು, ಗಡಿಯಲ್ಲಿ ಗೊಂದಲ. ಇನ್ನೂ ವಿಚಿತ್ರವೆಂದರೆ, ಎಡಬದಿಯಲ್ಲಿ ಓಡುವ ಸ್ವೀಡನ್ನಿನ ಬಹುಪಾಲು ಕಾರುಗಳಿಗೆ ಸ್ಟೀರಿಂಗ್ ಇದ್ದದ್ದೂ ಎಡಕ್ಕೇ. ಮುಂದಿನ ವಾಹನವನ್ನು ಹಿಂದಿಕ್ಕುವಾಗ ಎದುರಿನದು ಕಾಣುತ್ತಿರಲಿಲ್ಲ. 1955ರ ಜನಮತಗಣನೆಯಲ್ಲಿ ಶೇ 83ರಷ್ಟು ಮಂದಿ ಬದಲಾವಣೆ ಬೇಡವೆಂದರು. ಸಂಸತ್ತು 1963ರಲ್ಲಿ ಬೇಕೆಂದೇ ತೀರ್ಮಾನಿಸಿತು. 1967ರ ಸೆಪ್ಟೆಂಬರ್ 3, ಭಾನುವಾರ, ಬೆಳಗಿನ 4 ಗಂಟೆ 50 ನಿಮಿಷಕ್ಕೆ ರಸ್ತೆಯಲ್ಲಿದ್ದ ವಾಹನಗಳೆಲ್ಲ ನಿಂತವು. ಮೆಲ್ಲಗೆ ಎಡದಿಂದ ಬಲಕ್ಕೆ ಸರಿದವು. ಐದಕ್ಕೆ ಮತ್ತೆ ಹೊರಟವು. ಇದಕ್ಕಾಗಿ ಹಾಡಿನ ಸ್ಪರ್ಧೆ ನಡೆಸಿದ್ದರು. ಹಾಲಿನ ಪೊಟ್ಟಣದಿಂದ ಒಳಉಡುಪಿನವರೆಗೆ ಆ ದಿನದ ಗುರುತು ಮುದ್ರಿಸಿದ್ದರು. ಬಾಗಿಲು ತಪ್ಪು ಬದಿಗಾದ ಹಳೆಯ ಬಸ್ಸುಗಳಲ್ಲಿ ಕೆಲವನ್ನು ಎಡಬದಿಯಲ್ಲೇ ಉಳಿದ ಪಾಕಿಸ್ತಾನ, ಕೆನ್ಯಾಗಳಿಗೆ ಮಾರಿದರು. ಆ ದಿನಕ್ಕೆ ‘ಡಾಗೆನ್ ಹೋ’ ಎಂದು ಹೆಸರು, ‘ಬಲದ ದಿನ’ ಎಂಬುದರ ಗಿಡ್ಡ ರೂಪ. ಎಲ್ಲರೂ ಹೆದರಿಕೊಂಡು ಓಡಿಸಿದ್ದರಿಂದ ಮೊದಲಲ್ಲಿ ಅಪಘಾತಗಳು ಕಡಿಮೆಯೇ ಆದವು. ಹೆದರಿಕೆ ಇಳಿದ ಮೇಲೆ ಸಂಖ್ಯೆ ಹಳೆಯ ಮಟ್ಟಕ್ಕೆ ಬಂತು.

ಹಕ್ಕಿ ಹಾರುವ ದಾರಿ

ಹ್ಯಾಂಬರ್ಗ್‌ನಿಂದ ಉತ್ತರಕ್ಕೆ ಎರಡು ಹಾದಿ. ಒಂದು ಲ್ಯೂಬೆಕ್ ಮೂಲಕ ಫೆಮಾರ್ನ್ ದ್ವೀಪಕ್ಕೆ ಹೋಗಿ, ಪುಟ್‌ಗಾರ್ಡನ್ ಎಂಬಲ್ಲಿ ಕಾರು ಸಮೇತ ಹಡಗು ಹತ್ತಿ, 45 ನಿಮಿಷದಲ್ಲಿ ಡೆನ್ಮಾರ್ಕಿನ ರೋಡ್‌ಬಿಯಲ್ಲಿ ಇಳಿಯುವುದು. ವಲಸೆ ಕೊಕ್ಕರೆಗಳು, ಬಾತುಗಳು ಮಧ್ಯ ಯುರೋಪಿನಿಂದ ಉತ್ತರಕ್ಕೆ ಹಾರುವುದೂ ಇದೇ ನೇರದಲ್ಲಿ. ಜರ್ಮನರು ಇದನ್ನು ‘ಹಕ್ಕಿ ಹಾರುವ ದಾರಿ’ ಎಂದೇ ಕರೆಯುತ್ತಾರೆ. ಹಡಗಿನ ಈ ಸಂಪರ್ಕ ತೆರೆದದ್ದು 1963ರಲ್ಲಿ. 2019ರ ಕೊನೆಯವರೆಗೆ ಇಲ್ಲಿ ರೈಲೂ ಹಡಗು ಹತ್ತುತ್ತಿತ್ತು: ಹ್ಯಾಂಬರ್ಗ್–ಕೋಪನ್‌ಹೇಗನ್ ರೈಲಿನ ಬೋಗಿಗಳು ಹಡಗಿನ ಹೊಟ್ಟೆಯೊಳಗಿನ ಹಳಿಗಳ ಮೇಲೆ ಬಂದು ನಿಲ್ಲುತ್ತಿದ್ದವು, ಪ್ರಯಾಣಿಕರು ಇಳಿದು ಮೇಲಿನ ಅಂತಸ್ತಿಗೆ ಹೋಗಿ ಕಾಫಿ ಕುಡಿಯುತ್ತಿದ್ದರು. ಈಗ ರೈಲು ಬೇರೆ ದಾರಿಯಲ್ಲಿ ಹೋಗುತ್ತದೆ. ಈ ಕಡಲಿನ ತಳದಲ್ಲಿ 18 ಕಿಲೋಮೀಟರ್ ಉದ್ದದ ಸುರಂಗ ಸಿದ್ಧವಾಗುತ್ತಿದೆ. ಇದು ನೆಲದಡಿ ಕೊರೆಯುವ ಸುರಂಗವಲ್ಲ. ದಡದಲ್ಲಿ ಕಾಂಕ್ರೀಟಿನ ಪೆಟ್ಟಿಗೆಗಳನ್ನು ಎರಕಹೊಯ್ದು, ತೇಲಿಸಿಕೊಂಡು ಹೋಗಿ, ಕಡಲ ತಳದಲ್ಲಿ ತೋಡಿದ ಕಾಲುವೆಯಲ್ಲಿ ಒಂದೊಂದಾಗಿ ಮುಳುಗಿಸಿ ಜೋಡಿಸುವುದು. ಅಂಥ ಪೆಟ್ಟಿಗೆಗಳು 89. ದೊಡ್ಡದೊಂದರ ಉದ್ದ 217 ಮೀಟರ್, ತೂಕ 73,000 ಟನ್. ಅದು ತೆರೆದರೆ ಕಾರು ಹತ್ತು ನಿಮಿಷದಲ್ಲಿ ಆಚೆ ದಡದಲ್ಲಿರುತ್ತದೆ. ಹಡಗಿನ ಮೇಲಿನ ಕಾಫಿ ಆಮೇಲೆ ಇಂದಿನಷ್ಟು ಜನರಿಗೆ ಸಿಗಲಿಕ್ಕಿಲ್ಲ.

ಇನ್ನೊಂದು ಹಾದಿಯಲ್ಲಿ ಹಡಗೇ ಇಲ್ಲ. ಫ್ಲೆನ್ಸ್‌ಬರ್ಗ್ ಬಳಿ ಗಡಿ ದಾಟಿ, ಯುಟ್ಲೆಂಡ್ ಪರ್ಯಾಯ ದ್ವೀಪದಿಂದ ಪೂರ್ವಕ್ಕೆ ತಿರುಗಿ, ಫ್ಯೂನ್ ದ್ವೀಪದ ಮೂಲಕ 18 ಕಿಲೋಮೀಟರ್ ಉದ್ದದ ಸ್ಟೋರಬೆಲ್ಟ್ ಸೇತುವೆ ದಾಟಬೇಕು. ಸುತ್ತು ಹೆಚ್ಚು, ಹಡಗಿನ ವೇಳೆಗೆ ಕಾಯುವುದಿಲ್ಲ ಎಂಬುದೇ ಲಾಭ. 1998ರಲ್ಲಿ ವಾಹನಗಳಿಗೆ ತೆರೆದ ಈ ಸೇತುವೆಯ ತೂಗುಭಾಗದ ನಡು ಅಂಕಣ 1,624 ಮೀಟರ್, ಕಂಬಗಳ ಎತ್ತರ 254 ಮೀಟರ್. ಡೆನ್ಮಾರ್ಕಿನ ಅತಿ ಎತ್ತರದ ಗುಡ್ಡ 171 ಮೀಟರ್ ಮುಟ್ಟುವುದಿಲ್ಲ. ದೇಶದಲ್ಲಿ ನೋಡಬಹುದಾದ ದೊಡ್ಡ ಬೆಟ್ಟ ಎಂದರೆ ಈ ಕಂಬಗಳೇ.

ರೋಡ್‌ಬಿಯಿಂದ ಕೋಪನ್‌ಹೇಗನ್‌ವರೆಗಿನ 150 ಕಿಲೋಮೀಟರ್ ಸಪಾಟು. ಎರಡೂ ಕಡೆ ಗಾಳಿಯಂತ್ರಗಳು, ಗೋಧಿ, ಸಕ್ಕರೆ ಗೆಡ್ಡೆಯ ಹೊಲಗಳು. ಮಂಡ್ಯದ ಕಡೆಯವರಿಗೆ ಆಲೆಮನೆಯಿಲ್ಲದ ಈ ಸಕ್ಕರೆ ಸೀಮೆ ಸಪ್ಪೆ ಎನಿಸೀತು.

ಉಪ್ಪು, ಮೆಣಸು ಮತ್ತು ಸುಂಕ

ಡೆನ್ಮಾರ್ಕ್–ಸ್ವೀಡನ್ ನಡುವಿನ ಓರೆಸುಂಡ್ ಜಲಸಂಧಿ ಬಾಲ್ಟಿಕ್ ಕಡಲಿನ ಬಾಗಿಲು. ಅದರ ಅತಿ ಕಿರಿದಾದ ಜಾಗದಲ್ಲಿ, ಹೆಲ್ಸಿಂಗೋರ್ ಊರಿನ ದಡದಲ್ಲಿ, ಕ್ರೋನ್‌ಬೋರ್ಗ್ ಕೋಟೆ ಇದೆ. ಷೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಡೆಯುವ ಎಲ್ಸಿನೋರ್ ಇದೇ ಊರು. ಈ ಕಿರುದಾರಿಯಲ್ಲಿ ಹಾಯುವ ಪರದೇಶದ ಹಡಗುಗಳಿಂದ ಡೆನ್ಮಾರ್ಕಿನ ದೊರೆಗಳು 1429ರಿಂದ 1857ರವರೆಗೆ ಸುಂಕ ವಸೂಲಿ ಮಾಡಿದರು. ತಪ್ಪಿಸಿಕೊಂಡು ಹೋಗುವವರಿಗೆ ಕೋಟೆಯ ಫಿರಂಗಿಗಳಿದ್ದವು. ಅಂತರರಾಷ್ಟ್ರೀಯ ಒಪ್ಪಂದವೊಂದು ಈ ಸುಂಕವನ್ನು ನಿಲ್ಲಿಸಿತು. ಅದಾಗಿ 143 ವರ್ಷದ ಮೇಲೆ, 2000ದ ಜುಲೈ 1ರಂದು, ಅದೇ ಜಲಸಂಧಿಯ ದಕ್ಷಿಣ ತುದಿಯಲ್ಲಿ ಸುಂಕ ಮತ್ತೆ ಶುರುವಾಯಿತು, ಈ ಬಾರಿ ಕಾರುಗಳಿಗೆ.

ಡೆನ್ಮಾರ್ಕಿನ ರಾಣಿ ಎರಡನೇ ಮಾರ್ಗ್ರೆತೆ, ಸ್ವೀಡನ್ನಿನ ದೊರೆ ಹದಿನಾರನೇ ಕಾರ್ಲ್ ಗುಸ್ತಾವ್ ಒಟ್ಟಿಗೆ ಉದ್ಘಾಟಿಸಿದ ಓರೆಸುಂಡ್ ದಾರಿ ಒಟ್ಟು 16 ಕಿಲೋಮೀಟರ್, ಮೂರು ತುಂಡು. ಕೋಪನ್‌ಹೇಗನ್ ಕಡೆಯಿಂದ ಮೊದಲು 4 ಕಿಲೋಮೀಟರ್ ಸುರಂಗ. ಆಮೇಲೆ 4 ಕಿಲೋಮೀಟರ್ ಉದ್ದದ ಮಾನವ ನಿರ್ಮಿತ ದ್ವೀಪ. ಅಲ್ಲಿಂದ ಸುಮಾರು 8 ಕಿಲೋಮೀಟರ್ ಸೇತುವೆ. ಮೇಲಂತಸ್ತಿನಲ್ಲಿ ಕಾರು, ಕೆಳಗೆ ರೈಲು. ಪೂರ್ತಿ ಸೇತುವೆಯನ್ನೇ ಕಟ್ಟಬಹುದಿತ್ತಲ್ಲ ಎಂದು ಕೇಳುವವರಿಗೆ ಉತ್ತರ ದಡದಲ್ಲೇ ಇದೆ: ಕೋಪನ್‌ಹೇಗನ್ ವಿಮಾನ ನಿಲ್ದಾಣ. 204 ಮೀಟರ್ ಎತ್ತರದ ಕಂಬಗಳು ಅಲ್ಲಿ ನಿಂತರೆ ವಿಮಾನಗಳಿಗೆ ಅಡ್ಡಿ. ಹಡಗುಗಳಿಗೂ ಒಂದು ತೆರೆದ ದಾರಿ ಬೇಕಿತ್ತು. ಹಾಗಾಗಿ ರಸ್ತೆ ನೀರಿನಡಿ ಮುಳುಗಿ ದ್ವೀಪದಲ್ಲಿ ಮೇಲೇಳುತ್ತದೆ. ಪಕ್ಕದಲ್ಲೇ ಸಾಲ್ಟ್‌ಹೋಮ್ ಎಂಬ ಹಳೆಯ ದ್ವೀಪವಿದೆ, ಅಂದರೆ ಉಪ್ಪಿನ ದ್ವೀಪ. ಹೊಸದಕ್ಕೆ ಪೆಬರ್‌ಹೋಮ್ ಎಂದು ಹೆಸರಿಟ್ಟರು, ಮೆಣಸಿನ ದ್ವೀಪ. ಎಂಜಿನಿಯರುಗಳು ಅಲ್ಲಿ ಏನನ್ನೂ ನೆಡದೆ ಬಿಟ್ಟರು. ಗಾಳಿ, ಹಕ್ಕಿ, ರೈಲುಗಳು ತಂದ ಬೀಜಗಳಿಂದಲೇ ನೂರಾರು ಜಾತಿಯ ಗಿಡಗಳು ಬೆಳೆದಿವೆ. ಕಾರು ನಿಲ್ಲಿಸಿ ಇಳಿಯಲು ಮಾತ್ರ ಅವಕಾಶವಿಲ್ಲ.

ಸುಂಕದ ಕಟ್ಟೆ ಇರುವುದು ಸ್ವೀಡನ್ನಿನ ದಡದಲ್ಲಿ. 2015ರ ನಿರಾಶ್ರಿತರ ಬಿಕ್ಕಟ್ಟಿನ ನಂತರ ಇಲ್ಲಿ ಗಡಿ ತಪಾಸಣೆಯೂ ಶುರುವಾದದ್ದರಿಂದ ಪಾಸ್‌ಪೋರ್ಟ್ ಡಿಕ್ಕಿಯ ಪೆಟ್ಟಿಗೆಯಲ್ಲಿ ಅಲ್ಲ, ಕೈಚೀಲದಲ್ಲಿರಬೇಕು. ಇದಾದ ಮೇಲೆ ಸ್ವೀಡನ್ನಿನ ಹೆದ್ದಾರಿಗಳಲ್ಲಿ ಟೋಲ್ ಗೇಟು ಕಾಣುವುದಿಲ್ಲ. ಆದರೆ ಸ್ಟಾಕ್‌ಹೋಮ್ ಮತ್ತು ಗೋಥೆನ್‌ಬರ್ಗ್‌ಗಳಲ್ಲಿ ದಟ್ಟಣೆ ತೆರಿಗೆ ಇದೆ. ನಂಬರ್ ಪ್ಲೇಟಿನ ಚಿತ್ರ ತೆಗೆದು ಬಿಲ್ಲನ್ನು ಜರ್ಮನಿಯ ವಿಳಾಸಕ್ಕೇ ಕಳಿಸುತ್ತಾರೆ.

ನಗದು ಹಣ ಇಲ್ಲಿಂದ ಮುಂದೆ ಹೆಚ್ಚು ಕಡಿಮೆ ನಿರುಪಯೋಗಿ. ಸ್ವೀಡನ್ ಯೂರೊ ಬೇಡವೆಂದು 2003ರಲ್ಲಿ ಮತ ಹಾಕಿ ಕ್ರೋನಾವನ್ನು ಉಳಿಸಿಕೊಂಡಿತು. ಉಳಿಸಿಕೊಂಡ ಆ ನೋಟನ್ನು ಈಗ ಕಾಫಿ ಅಂಗಡಿಯವನೂ ಮುಟ್ಟುವುದಿಲ್ಲ. ಕಾರ್ಡು, ಇಲ್ಲವೇ ಮಗಳ ಫೋನಿನಲ್ಲಿರುವ ‘ಸ್ವಿಶ್’ ಎಂಬ ಪಾವತಿ ಆ್ಯಪ್. ಯುರೋಪಿನಲ್ಲಿ ಮೊದಲ ಬ್ಯಾಂಕ್ ನೋಟು ಅಚ್ಚಾದದ್ದು ಇದೇ ದೇಶದಲ್ಲಿ, 1661ರಲ್ಲಿ.

ಕಾಡಿನ ನಡುವೆ ಇ4

ಸೇತುವೆ ಇಳಿದರೆ ಸಿಗುವ ಮಾಲ್ಮೊದಿಂದ ಉತ್ತರಕ್ಕೆ ಹೆಲ್ಸಿಂಗ್‌ಬೋರ್ಗ್‌ವರೆಗೆ ಹೋದರೆ ರಸ್ತೆ ಕವಲಾಗುತ್ತದೆ. ಇ6 ಪಶ್ಚಿಮ ಕರಾವಳಿ ಹಿಡಿದು ಗೋಥೆನ್‌ಬರ್ಗ್, ಓಸ್ಲೊ ದಾಟಿ ನಾರ್ವೆಯ ತುದಿಯ ಕಿರ್ಕೆನೆಸ್‌ವರೆಗೆ ಸಾಗುತ್ತದೆ. ಇ4 ಒಳನಾಡಿಗೆ ತಿರುಗಿ ಸ್ಟಾಕ್‌ಹೋಮ್ ಮೂಲಕ ಫಿನ್ಲೆಂಡಿನ ಗಡಿಯವರೆಗೆ. 1975ರಲ್ಲಿ ಯುರೋಪಿನ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಉತ್ತರ–ದಕ್ಷಿಣ ರಸ್ತೆಗಳಿಗೆ ಬೆಸ ಸಂಖ್ಯೆ ಎಂದು ನಿಯಮವಾಯಿತು. ಸ್ವೀಡನ್, ನಾರ್ವೆಯವರು ಈ ಎರಡು ರಸ್ತೆಗಳ ಹಳೆಯ ಸಮಸಂಖ್ಯೆ ಬಿಡಲು ಒಪ್ಪಲಿಲ್ಲ. ನಿಯಮಕ್ಕೆ ಹೆಸರಾದ ನಾಡಿನಲ್ಲಿ ಹೀಗೊಂದು ಹಟ.

ಗೋಥೆನ್‌ಬರ್ಗ್ ದಾರಿ ಹಿಡಿಯುವ ಕನ್ನಡದ ಕುಟುಂಬಗಳಿಗೆ ಕಾರಣ ಹಲವು ಸಲ ವೋಲ್ವೊ. 1927ರಲ್ಲಿ ಮೊದಲ ಕಾರು ಹೊರತಂದ ಈ ಊರಿನ ಕಂಪನಿಯ ಹೆಸರಿಗೆ ಲ್ಯಾಟಿನ್ನಿನಲ್ಲಿ ‘ಉರುಳುತ್ತೇನೆ’ ಎಂದರ್ಥ. ಅದರ ಲಾರಿಗಳು 1998ರಿಂದ ಹೊಸಕೋಟೆಯಲ್ಲಿ ತಯಾರಾಗುತ್ತಿವೆ, ಆಮೇಲೆ ಬಸ್ಸುಗಳೂ ಬಂದವು. ಬೆಂಗಳೂರು–ಮೈಸೂರು ನಡುವೆ ‘ವೋಲ್ವೊ ಇದೆಯಾ?’ ಎಂದು ಕೇಳುವವರಿಗೆ ಅದು ಎ.ಸಿ. ಬಸ್ಸಿನ ಇನ್ನೊಂದು ಹೆಸರು. ಮೂರು ಬಿಂದುಗಳಲ್ಲಿ ಬಿಗಿಯುವ ಸೀಟ್ ಬೆಲ್ಟನ್ನು 1959ರಲ್ಲಿ ರೂಪಿಸಿದ ನಿಲ್ಸ್ ಬೊಲೀನ್ ಇದೇ ಕಂಪನಿಯ ಎಂಜಿನಿಯರ್. ಪೇಟೆಂಟನ್ನು ಕಂಪನಿ ಎಲ್ಲ ತಯಾರಕರಿಗೂ ಮುಕ್ತವಾಗಿ ಬಿಟ್ಟಿತು.

ಇ4 ಹಿಡಿದವರಿಗೆ ಸ್ಕೋನೆಯ ಬಯಲು ಮುಗಿದ ಮೇಲೆ ಸ್ಮೋಲಂಡ್ ಬರುತ್ತದೆ: ಪೈನ್, ಸ್ಪ್ರೂಸ್ ಮರಗಳ ಮುಗಿಯದ ಕಾಡು, ನಡುನಡುವೆ ಕೆರೆ, ಕೆಂಪು ಬಣ್ಣ ಬಳಿದ ಮರದ ಮನೆ, ಹೊಲದಂಚಿಗೆ ಕಲ್ಲಿನ ಸಾಲುಗೋಡೆ. ಆ ಗೋಡೆಯ ಕಲ್ಲುಗಳೆಲ್ಲ ಉಳುವಾಗ ನೆಲದಿಂದ ಕಿತ್ತವು. ಕಲ್ಲು ಕಿತ್ತು ಕಿತ್ತು ಸೋತ ಇಲ್ಲಿಯ ರೈತರ ಮಕ್ಕಳು ಹತ್ತೊಂಬತ್ತನೆಯ ಶತಮಾನದಲ್ಲಿ ಹಿಂಡುಹಿಂಡಾಗಿ ಅಮೆರಿಕಕ್ಕೆ ಹೊರಟರು. 1930ರ ಹೊತ್ತಿಗೆ ಇಡೀ ಸ್ವೀಡನ್ನಿನಿಂದ ಹಾಗೆ ಹೋದವರು 12 ಲಕ್ಷಕ್ಕೂ ಹೆಚ್ಚು. ಹೋದ ಮಗಳಿಂದ ಕಾಗದ ಬರುತ್ತಿತ್ತು, ಕೆಲವೊಮ್ಮೆ ಫೋಟೊ. ಅವಳ ಮನೆಗೆ ಹೋಗಿಬರುವ ಮಾತೇ ಇರಲಿಲ್ಲ. ವಿಲ್ಹೆಲ್ಮ್ ಮೂಬೆರಿ 1949ರಿಂದ ಬರೆದ ನಾಲ್ಕು ಸಂಪುಟಗಳ ಕಾದಂಬರಿಯಲ್ಲಿ ಈ ವಲಸೆಯ ಕತೆಯಿದೆ. ಇ4ರಿಂದ ಪೂರ್ವಕ್ಕೆ ಒಳಸರಿದರೆ ಸಿಗುವ ವೆಕ್‌ಶೋ ಪಟ್ಟಣದಲ್ಲಿ ವಲಸಿಗರದೇ ಸಂಗ್ರಹಾಲಯವಿದೆ. ದೂರದೇಶದಿಂದ ಮಗಳನ್ನು ನೋಡಲು ಬಂದವರು ಈ ದಾರಿಯಲ್ಲಿ ಒಂದು ಗಂಟೆ ಖರ್ಚು ಮಾಡಬೇಕಾದ ಜಾಗ ಯಾವುದೆಂದರೆ ಇದು. ಹೆಚ್ಚಿನವರು ಇಳಿಯುವುದು ಅಲ್ಲಿಗೆ ದೂರವಲ್ಲದ ಎಲ್ಮ್‌ಹುಲ್ಟ್‌ನಲ್ಲಿ, ಐಕಿಯಾದ ಮೊದಲ ಮಳಿಗೆ 1958ರಲ್ಲಿ ತೆರೆದ ಊರಿನಲ್ಲಿ. ನಾಗಸಂದ್ರದ ಐಕಿಯಾ ನೋಡಿದವರಿಗೆ ಅಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಮುಂದಿನ ದೊಡ್ಡ ಊರು ಯೋನ್‌ಶೋಪಿಂಗ್ ಬೆಂಕಿಪೊಟ್ಟಣದ ತವರು. ಗುಸ್ತಾವ್ ಎರಿಕ್ ಪಾಶ್ 1844ರಲ್ಲಿ ಪೇಟೆಂಟ್ ಪಡೆದ ಸುರಕ್ಷಿತ ಬೆಂಕಿಕಡ್ಡಿಯನ್ನು ಇಲ್ಲಿಯ ಲುಂಡ್‌ಸ್ಟ್ರಮ್ ಸಹೋದರರು ಜಗತ್ತಿಗೆ ಮಾರಿದರು. ಭಾರತದಲ್ಲಿ 1923ರಲ್ಲಿ ಶುರುವಾದ ವಿಮ್ಕೊ ಕಂಪನಿಯ ಹಿಂದಿದ್ದದ್ದೂ ಸ್ವೀಡನ್ನಿನ ಬೆಂಕಿಕಡ್ಡಿ ಉದ್ಯಮವೇ. ಇಲ್ಲಿಂದ ರಸ್ತೆ ವೆಟ್ಟೆರ್ನ್ ಸರೋವರದ ದಂಡೆ ಹಿಡಿಯುತ್ತದೆ. ಇಡೀ ಪ್ರಯಾಣದಲ್ಲಿ ಇದಕ್ಕಿಂತ ಚಂದದ ತುಣುಕು ಇನ್ನೊಂದಿಲ್ಲ. ಸುಮಾರು 1,900 ಚದರ ಕಿಲೋಮೀಟರಿನ ಈ ಸರೋವರದ ಪಕ್ಕದಲ್ಲಿ ಗ್ರೆನ್ನಾ ಎಂಬ ಪುಟ್ಟ ಊರು. 1859ರಲ್ಲಿ ಅಮಾಲಿಯಾ ಎರಿಕ್ಸನ್ ಎಂಬ ಬಡ ವಿಧವೆ ಕಂಕುಳಿನ ಹೆಣ್ಣುಮಗುವನ್ನು ಸಾಕಲು ಪುದೀನ ಘಮದ, ಕೆಂಪು-ಬಿಳಿ ಪಟ್ಟೆಯ ಸಕ್ಕರೆ ಕಡ್ಡಿ ಮಾಡಿ ಮಾರಲು ಪುರಸಭೆಯ ಅನುಮತಿ ಕೇಳಿದಳು. ಹೆಂಗಸು ವ್ಯಾಪಾರ ಮಾಡಲು ಆಗ ಅನುಮತಿ ಬೇಕಿತ್ತು. ‘ಪೋಲ್ಕಾಗ್ರಿಸ್’ ಎಂಬ ಆ ಮಿಠಾಯಿಯ ಪಾಕದ ಗುಟ್ಟನ್ನು ಅವಳು 1923ರಲ್ಲಿ ಸಾಯುವವರೆಗೆ ಹೊರಗೆ ಬಿಡಲಿಲ್ಲ. ಈಗ ಊರಿನ ಮುಖ್ಯ ಬೀದಿಯ ಅಂಗಡಿಗಳಲ್ಲಿ ಬಿಸಿ ಪಾಕ ಎಳೆದು ಹೊಸೆಯುವುದನ್ನು ಗಾಜಿನಾಚೆ ನಿಂತು ನೋಡಬಹುದು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಹೆದ್ದಾರಿ ಅಷ್ಟೇನೂ ಉದಾರಿಯಲ್ಲ; ಪೆಟ್ರೋಲ್ ಬಂಕಿನಲ್ಲಿ ಸಾಸೇಜಿನದೇ ದರ್ಬಾರು. ಮಾಲ್ಮೊದ ಫಲಾಫೆಲ್ ದಾಟಿದ ಮೇಲೆ ಬುತ್ತಿಯೇ ಗತಿ. ಇದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ಸ್ವೀಡನ್ನಿನವರೂ ಬುತ್ತಿ ಕಟ್ಟಿಕೊಂಡೇ ಹೊರಡುವ ಜನ; ‘ಮಾಟ್‌ಸೆಕ್’, ಅಂದರೆ ಊಟದ ಚೀಲ, ಎಂದು ಅದಕ್ಕೆ ಹೆಸರು. ರಸ್ತೆಬದಿಯ ವಿಶ್ರಾಂತಿ ತಾಣಗಳಲ್ಲಿ ಮರದ ಮೇಜು, ಶುಚಿಯಾದ ಶೌಚಾಲಯ ಇರುತ್ತವೆ. ಪಕ್ಕದ ಮೇಜಿನಲ್ಲಿ ಬ್ರೆಡ್ಡು-ಚೀಸು ಬಿಚ್ಚಿದರೆ ಈ ಮೇಜಿನಲ್ಲಿ ಚಪಾತಿ, ಚಟ್ನಿಪುಡಿ. ಊಟವಾದ ಮೇಲೆ ಕಾಡಿನೊಳಗೆ ನಾಲ್ಕು ಹೆಜ್ಜೆ ಹಾಕಿ ಬರಲು ಯಾರ ಅಪ್ಪಣೆಯೂ ಬೇಡ. ‘ಅಲ್ಲೆಮಾನ್ಸ್‌ರೆಟೆನ್’ ಎಂಬ ಸಾರ್ವಜನಿಕ ಹಕ್ಕಿನ ಪ್ರಕಾರ ಯಾರದೇ ಕಾಡಿನಲ್ಲಾದರೂ ನಡೆಯಬಹುದು, ನೆಲದ ಮೇಲೆ ಬೆಳೆದ ಬೆರಿ ಹಣ್ಣು, ಅಣಬೆ ಕೀಳಬಹುದು, ಒಂದು ರಾತ್ರಿ ಗುಡಾರ ಹಾಕಬಹುದು. ಮನೆಯಂಗಳದೊಳಗೆ ಕಾಲಿಡಬಾರದು, ಬೆಳೆ ತುಳಿಯಬಾರದು, ಏನನ್ನೂ ಹಾಳುಗೆಡವಬಾರದು. 1994ರಿಂದ ಸಂವಿಧಾನವೇ ಈ ಹಕ್ಕನ್ನು ಹೆಸರಿಸುತ್ತದೆ. ಬೇಲಿ, ಪಹಣಿ, ಸರ್ವೆ ನಂಬರಿನ ನೆಲದಿಂದ ಬಂದವರಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಕಾಡು ಮನುಷ್ಯರಿಗಷ್ಟೇ ತೆರೆದದ್ದಲ್ಲ. ಹಳದಿ ಫಲಕಕ್ಕೆ ಕೆಂಪು ಅಂಚು, ನಡುವೆ ಕೊಂಬಿನ ಕಪ್ಪು ಪ್ರಾಣಿ: ಇದು ಮೂಸ್ ಹಾಯುವ ಜಾಗದ ಎಚ್ಚರಿಕೆ. ಕಡವೆಗಿಂತ ಬಹಳ ದೊಡ್ಡ ಈ ಜಿಂಕೆಯ ಗಂಡು 500 ಕಿಲೋ ದಾಟಬಲ್ಲದು. ಕಾಲು ಉದ್ದ, ಕಾರು ಗುದ್ದಿದರೆ ಕಾಲು ಮುರಿದು ಮೈಭಾರವೆಲ್ಲ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅಪಾಯ ಹೆಚ್ಚು. ಗುದ್ದಿದವರು ಪೊಲೀಸರಿಗೆ ತಿಳಿಸಿ, ಆ ಜಾಗಕ್ಕೆ ಗುರುತು ಹಾಕುವುದು ಕಾನೂನು; ಗಾಯಗೊಂಡ ಪ್ರಾಣಿಯನ್ನು ಹುಡುಕಲು ಪಳಗಿದ ಬೇಟೆಗಾರರನ್ನು ಕಳಿಸುತ್ತಾರೆ. ಪ್ರವಾಸಿಗಳಿಗೆ ಈ ಫಲಕದ ಮೇಲೆ ಎಂಥ ಮೋಹವೆಂದರೆ ರಾತ್ರೋರಾತ್ರಿ ಬಿಚ್ಚಿಕೊಂಡು ಹೋಗುವುದುಂಟು. ಕಳವು ತಪ್ಪಲೆಂದೋ ಏನೋ, ಅದರ ಪ್ರತಿಗಳನ್ನು ಅಂಗಡಿಗಳಲ್ಲಿ ಮಾರುತ್ತಾರೆ.

ಓಡಿಸುವ ರೀತಿಯೂ ಗಮನಿಸತಕ್ಕದ್ದು. ಹಾರ್ನ್ ಕೇಳಿಸುವುದೇ ಅಪರೂಪ. ಹಗಲಲ್ಲೂ ದೀಪ ಉರಿಯುತ್ತಿರಬೇಕು. 1977ರಿಂದ ಅದು ಕಡ್ಡಾಯ. ರಕ್ತದಲ್ಲಿ ಮದ್ಯದ ಮಿತಿ ಸಾವಿರಕ್ಕೆ 0.2, ಜರ್ಮನಿಯ 0.5ಕ್ಕಿಂತ ಬಹಳ ಬಿಗಿ. ರಸ್ತೆಯಲ್ಲಿ ಒಂದು ಸಾವನ್ನೂ ಸಹಜವೆಂದು ಒಪ್ಪಬಾರದೆಂಬ ನೀತಿಯನ್ನು ಸಂಸತ್ತು 1997ರಲ್ಲಿ ಅಂಗೀಕರಿಸಿತು. ಅದರ ಗುರುತು ಸಣ್ಣ ಹೆದ್ದಾರಿಗಳಲ್ಲಿ ಕಾಣುತ್ತದೆ: ಒಂದು ಕಡೆಗೆ ಎರಡು ಪಥ, ಇನ್ನೊಂದು ಕಡೆಗೆ ಒಂದೇ, ನಡುವೆ ಉಕ್ಕಿನ ತಂತಿಯ ತಡೆ, ಕೆಲವು ಕಿಲೋಮೀಟರಿಗೊಮ್ಮೆ ಸರದಿ ಬದಲಾಗುತ್ತದೆ. ಹಿಂದಿಕ್ಕಲು ಅವಸರವಿದ್ದವರೂ ತಮ್ಮ ಸರದಿ ಬರುವವರೆಗೆ ಸುಮ್ಮನೆ ಹಿಂದೆ ಬರಬೇಕು. ಮಗಳು ಫೋನಿನಲ್ಲಿ ‘ಇಲ್ಲಿ ಎಲ್ಲದಕ್ಕೂ ಕ್ಯೂ’ ಎನ್ನುತ್ತಿದ್ದುದರ ಅರ್ಥ ಅಲ್ಲಿ ಹೊಳೆಯುತ್ತದೆ.

ಮಗಳ ಮನೆ

ಸ್ಟಾಕ್‌ಹೋಮ್ 14 ದ್ವೀಪಗಳ ಮೇಲೆ ಹರಡಿದ ನಗರ. ಅಲ್ಲಿ ಕಾರು ನಿಲ್ಲಿಸುವುದು 1,000 ಕಿಲೋಮೀಟರ್ ಓಡಿಸಿದ್ದಕ್ಕಿಂತ ಕಷ್ಟದ ಕೆಲಸ. ಪ್ರತಿ ಬೀದಿಗೂ ವಾರದಲ್ಲೊಂದು ದಿನ ಗುಡಿಸುವ ವೇಳೆ ನಿಗದಿಯಾಗಿರುತ್ತದೆ. ಆಗ ಅಲ್ಲಿ ನಿಂತ ಕಾರಿಗೆ ದಂಡ. ಫಲಕದಲ್ಲಿ ವಾರದ ಹೆಸರು ಸ್ವೀಡಿಷ್ ಭಾಷೆಯಲ್ಲಿ ಮಾತ್ರ ಇರುವುದರಿಂದ ಮಗಳನ್ನು ಕೆಳಗೆ ಕರೆದು ಓದಿಸುವುದು ಒಳ್ಳೆಯದು.

ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಸ್ವೀಡನ್ನಿನವರ ಮನೆಯಲ್ಲೂ ಅದೇ ರೂಢಿ, ಈ ಒಂದು ವಿಷಯದಲ್ಲಿ ಕನ್ನಡದ ಅಮ್ಮನಿಗೆ ಏನೂ ಹೇಳಿಕೊಡಬೇಕಿಲ್ಲ. ಬಟ್ಟೆ ಒಗೆಯುವುದನ್ನು ಮಾತ್ರ ಹೇಳಿಕೊಡಬೇಕು. ಅನೇಕ ವಸತಿ ಕಟ್ಟಡಗಳಲ್ಲಿ ಮನೆಮನೆಗೆ ಯಂತ್ರವಿಲ್ಲ. ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ‘ತ್ವೆಟ್‌ಸ್ಟೂಗಾ’, ಒಗೆಯುವ ಕೋಣೆ. ವೇಳೆಯನ್ನು ಮೊದಲೇ ಕಾದಿರಿಸಬೇಕು, ಮುಗಿದ ಮೇಲೆ ಯಂತ್ರದಲ್ಲಿ ಅಂಟಿದ ನೂಲಿನ ಎಳೆಗಳನ್ನೂ ತೆಗೆದು ಬರಬೇಕು. ಸಭ್ಯತೆಗೆ ಹೆಸರಾದ ನೆರೆಹೊರೆಯವರು ಒಬ್ಬರಿಗೊಬ್ಬರು ಸಿಟ್ಟಿನ ಚೀಟಿ ಅಂಟಿಸುವುದು ಈ ಕೋಣೆಯಲ್ಲೇ.

ನಿದ್ದೆಯೂ ಸುಲಭವಲ್ಲ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ. ಮೂರೂವರೆಗೆ ಮತ್ತೆ ಹಾಜರು, ನಡುವೆಯೂ ಪೂರ್ತಿ ಕತ್ತಲಿಲ್ಲ. ಡಿಸೆಂಬರಿನಲ್ಲಿ ಮೂರು ಗಂಟೆಗೇ ಕತ್ತಲು. ದೇವರಿಗೆ ಸಂಜೆ ದೀಪ ಹಚ್ಚುವ ಹೊತ್ತು ಯಾವುದೆಂದು ಬೇಸಿಗೆಯಲ್ಲೊಂದು, ಚಳಿಗಾಲದಲ್ಲೊಂದು ತೀರ್ಮಾನವಾಗಬೇಕಾಗುತ್ತದೆ. ಗಡಿಯಾರದ ಏಳು ಗಂಟೆಗೇ ಹಚ್ಚಿಬಿಡುವುದು ಅನುಕೂಲದ ದಾರಿ. ಚಳಿಗಾಲದಲ್ಲಿ ಕಾರಿನಲ್ಲಿ ಹೊರಡುವವರಿಗೆ ಇನ್ನೂ ಒಂದು ನಿಯಮವಿದೆ: ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರು ಕಡ್ಡಾಯ.

ವಯಸ್ಸಿಗೆ ಬಂದ ಮಗಳು ಒಂಟಿಯಾಗಿ ಬೇರೆ ಮನೆ ಮಾಡಿಕೊಂಡಿರುವುದು ಅಲ್ಲಿ ಯಾರ ಹುಬ್ಬನ್ನೂ ಏರಿಸುವುದಿಲ್ಲ. ಯುರೋಸ್ಟಾಟ್‌ನ 2022ರ ಲೆಕ್ಕದಂತೆ ಸ್ವೀಡನ್ನಿನ ಯುವಜನರು ತಂದೆ-ತಾಯಿಯ ಮನೆ ಬಿಡುವ ಸರಾಸರಿ ವಯಸ್ಸು 21.4, ಕ್ರೊಯೇಷಿಯಾದಲ್ಲಿ 33.4. ಹಾಗಂತ ನಂಟು ಸಡಿಲವೆಂದು ತಿಳಿಯಬೇಕಿಲ್ಲ. ಭಾಷೆಯೇ ಅದಕ್ಕೆ ಸಾಕ್ಷಿ: ತಾಯಿಯ ತಾಯಿ ‘ಮೊರ್‌ಮೊರ್’, ತಂದೆಯ ತಾಯಿ ‘ಫಾರ್‌ಮೊರ್’; ಅಜ್ಜಂದಿರು ‘ಮೊರ್‌ಫಾರ್’, ‘ಫಾರ್‌ಫಾರ್’. ಕನ್ನಡದಲ್ಲಿ ಇಬ್ಬರೂ ಅಜ್ಜಿಯರೇ; ಯಾವ ಅಜ್ಜಿ ಎಂದು ಊರಿನ ಹೆಸರು ಸೇರಿಸಿ ಬಿಡಿಸಿ ಹೇಳಬೇಕು. ಮಗಳಿಗೆ ಅವರ ಮಾತು ‘ಡೊಟ್ಟೆರ್’, ಸಂಸ್ಕೃತದ ‘ದುಹಿತೃ’ವಿನ ದೂರದ ದಾಯಾದಿ.

ಕನ್ನಡದ ತಾಯಂದಿರು ಸಮುದ್ರ ದಾಟುವುದಕ್ಕೆ ಬಹಳ ಸಲ ಕಾರಣವಾಗುವುದು ಬಾಣಂತನ. ಅಂಟಿನುಂಡೆ, ಎಣ್ಣೆ ಸ್ನಾನ, ಮೆಣಸಿನ ಸಾರು ಎಂದು ಸಿದ್ಧರಾಗಿ ಬಂದವರಿಗೆ ಮೊದಲ ಅಚ್ಚರಿ ಅಳಿಯ. ಸ್ವೀಡನ್ 1974ರಲ್ಲೇ ತಾಯಿಯ ರಜೆಯನ್ನು ಪೋಷಕರ ರಜೆಯಾಗಿ ಬದಲಿಸಿತು. ಈಗ ಒಂದು ಮಗುವಿಗೆ 480 ದಿನ. ಅದರಲ್ಲಿ ತಲಾ 90 ದಿನ ತಂದೆಗೂ ತಾಯಿಗೂ ಮೀಸಲು, ಒಬ್ಬರದನ್ನು ಇನ್ನೊಬ್ಬರು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ನಡುಹಗಲು ಮಗುವಿನ ಗಾಡಿ ತಳ್ಳುತ್ತಾ ಹೋಗುವ ಗಂಡಸರು ಅಲ್ಲಿ ಬೀದಿ ಬೀದಿಗೆ. ಮಗುವಿನ ಬಟ್ಟೆ ಬದಲಿಸುವ ಅಳಿಯನ ಮುಂದೆ ಅತ್ತೆ ಏನು ಮಾಡಬೇಕೆಂಬ ಪ್ರಶ್ನೆಗೆ ಯಾವ ಊರಿನ ಶಾಸ್ತ್ರದಲ್ಲೂ ಉತ್ತರವಿಲ್ಲ. ಅಡುಗೆಮನೆ ಹಿಡಿಯುವುದು ಸಾಮಾನ್ಯ. 2024ರ ಜುಲೈನಿಂದ ತಂದೆ-ತಾಯಿ ತಲಾ 45 ದಿನದವರೆಗೆ ಸಂಬಳದ ರಜೆಯನ್ನು ಅಜ್ಜ-ಅಜ್ಜಿಯರಿಗೂ ವರ್ಗಾಯಿಸಬಹುದು. ಆದರೆ ಪಡೆಯುವವರು ಸ್ವೀಡನ್ನಿನ ಸಾಮಾಜಿಕ ವಿಮೆಯೊಳಗಿರಬೇಕು. ಧಾರವಾಡದಿಂದ ಬಂದ ಅಜ್ಜಿಯ ಬಾಣಂತನ ಈಗಲೂ ಸಂಬಳವಿಲ್ಲದ್ದೇ, ಅದೂ 90 ದಿನದ ವೀಸಾದೊಳಗೆ. ಅದಕ್ಕಿಂತ ಹೆಚ್ಚು ಉಳಿಯಬೇಕೆಂದರೆ ಸಂದರ್ಶಕರ ವಾಸದ ಅನುಮತಿಗೆ ಬೇರೆ ಅರ್ಜಿ ಹಾಕಬೇಕು.

ಹಿಂತಿರುಗುವಾಗ ಅದೇ ದಾರಿಯಲ್ಲಿ ಬರಬೇಕೆಂದಿಲ್ಲ. ಟ್ರೆಲ್ಲೆಬೋರ್ಗ್‌ನಿಂದ ರೋಸ್ಟಾಕ್‌ಗೆ, ಟ್ರಾವೆಮುಂಡೆಗೆ ಹಡಗುಗಳಿವೆ. ಮಗಳು ಗೋಥೆನ್‌ಬರ್ಗ್ ಕಡೆಯವಳಾದರೆ ಕೀಲ್ ಹಡಗು ಹತ್ತಿರ. ಸಂಜೆ ಕಾರನ್ನು ಒಳಗೆ ನಿಲ್ಲಿಸಿ, ಚಿಕ್ಕ ಕೋಣೆಯಲ್ಲಿ ಪೆಟ್ಟಿಗೆ ಇಟ್ಟು ಮೇಲಂತಸ್ತಿಗೆ ಬಂದರೆ ಬೀಳ್ಕೊಡಲು ಬಂದವರು ದಡದಲ್ಲಿ ಸ್ವಲ್ಪ ಹೊತ್ತು ಕಾಣುತ್ತಾರೆ. ಹಡಗು ಎಲ್ವ್ಸ್‌ಬೋರ್ಗ್ ತೂಗುಸೇತುವೆಯ ಕೆಳಗೆ ಹಾದು ಕಡಲಿಗಿಳಿಯುತ್ತದೆ. ಬೆಳಿಗ್ಗೆ ಕೀಲ್, ಅಲ್ಲಿಂದ ಹ್ಯಾಂಬರ್ಗ್‌ಗೆ 100 ಕಿಲೋಮೀಟರಿಗೂ ಕಡಿಮೆ.